ಹಳೆಯ ರೇಷ್ಮೆ ಟಾಪ್ ಹ್ಯಾಟ್: ಕೊಳ್ಳಬಹುದಾ, ತಲೆಗೆ ಹಾಕಬಹುದಾ?

ಪ್ರಶ್ನೆ: ನಾನು ಮಂಡ್ಯ ಕಡೆಯವನು, ಈಗ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೆಲಸ. ಜೂನ್‌ನಲ್ಲಿ ರಾಯಲ್ ಆಸ್ಕಟ್ ಕುದುರೆ ರೇಸಿಗೆ ಸಹೋದ್ಯೋಗಿಯೊಬ್ಬರು ಕರೆದಿದ್ದಾರೆ. ಅಲ್ಲಿನ ರಾಯಲ್ ಎನ್‌ಕ್ಲೋಷರ್ ಎಂಬ ವಿಶೇಷ ಆವರಣಕ್ಕೆ ಹೋಗುವ ಗಂಡಸರಿಗೆ ಟಾಪ್ ಹ್ಯಾಟ್, ಅಂದರೆ ಕೊಳವೆಯಂತೆ ಎತ್ತರದ ಗಟ್ಟಿ ಟೋಪಿ, ಕಡ್ಡಾಯವಂತೆ. ಬಾಡಿಗೆ ಟೋಪಿ ಮನಸ್ಸಿಗೆ ಹಿಡಿಸಲಿಲ್ಲ. ಒಂದು ಹರಾಜಿನಲ್ಲಿ ‘ವಿಕ್ಟೋರಿಯಾ ಕಾಲದ ಬೀವರ್ ಟಾಪ್ ಹ್ಯಾಟ್’ 220 ಪೌಂಡಿಗೆ ಇದೆ. ಹೋಗಿ ನೋಡಿ ಬಂದೆ. ಕಪ್ಪಗೆ ಮಿರಮಿರ ಮಿಂಚುತ್ತದೆ. ಎತ್ತರ 13 ಸೆಂ.ಮೀ., ಒಳಗಡೆ ಉದ್ದ 20, ಅಗಲ 16.3. ನನ್ನ ತಲೆ ಸುತ್ತಳತೆ 59. ‘ಹ್ಯಾಟ್ ಅಂಗಡಿಯಲ್ಲಿ ಹಿಗ್ಗಿಸಿ ಕೊಡುತ್ತಾರೆ’ ಎಂದು ಮಾರುವವರು ಹೇಳಿದರು. ಮೇಲಿನ ಅಂಚು ಅಲ್ಲಲ್ಲಿ ಸವೆದಿದೆ. ಪಕ್ಕದಲ್ಲಿ ಬೆರಳಿಟ್ಟು ಒತ್ತಿದರೆ ಚರ್ ಎನ್ನುತ್ತದೆ. ನನ್ನ ಹೆಂಡತಿಗೆ ಬೇರೆಯೇ ಹೆದರಿಕೆ. ಹಳೆಯ ಹ್ಯಾಟಿನಲ್ಲಿ ಪಾದರಸ ಇರುತ್ತದೆ, ಮನೆಯಲ್ಲಿ ಮೂರು ವರ್ಷದ ಮಗು ಇದೆ, ಬೇಡ ಎನ್ನುತ್ತಾಳೆ. ಶ್ರಾವಣದಲ್ಲಿ ಮೈಸೂರಿನಲ್ಲಿ ತಮ್ಮನ ಮದುವೆ, ರಿಸೆಪ್ಷನ್‌ಗೂ ಇದನ್ನೇ ಒಯ್ಯುವ ಆಸೆ. ಮುಂದೆ ಇಂಥವನ್ನು ಕೂಡಿಡುವ ಮನಸ್ಸೂ ಇದೆ. ಕೊಳ್ಳಲೇ?

ಉತ್ತರ: ಈ ಟೋಪಿ ಕೊಳ್ಳಬೇಡಿ. ಕಾರಣ ಪಾದರಸ ಅಲ್ಲ, ಅಳತೆ. ನಿಮ್ಮ ತಲೆ 59, ಟೋಪಿ 57. ಆ ಎರಡು ಸೆಂಟಿಮೀಟರನ್ನು ಎಂಥ ಪಳಗಿದ ಕೈಯೂ ತಂದುಕೊಡಲಾರದು. ‘ಹಿಗ್ಗಿಸಿ ಕೊಡುತ್ತಾರೆ’ ಎಂಬ ಮಾತನ್ನು ನನ್ನ ಬಳಿ ದುರಸ್ತಿಗೆ ಬರುವವರ ಬಾಯಲ್ಲಿ ಬಹಳ ಸಲ ಕೇಳಿದ್ದೇನೆ. ಹಾಗೆ ಹಿಗ್ಗಿಸಲು ಹೋಗಿ ಬಿರುಕು ಬಿಟ್ಟ ಟೋಪಿಗಳನ್ನೂ ನೋಡಿದ್ದೇನೆ. ಬೀವರ್ ಎಂದು ಹೆಸರಿಟ್ಟಿದ್ದರೂ ನೀವು ನೋಡಿದ್ದು ರೇಷ್ಮೆ ಹ್ಯಾಟ್, ಹೇಗೆಂದು ಮುಂದೆ ಹೇಳುತ್ತೇನೆ. ಹಿಗ್ಗಿಸಲು ಯಾಕೆ ಆಗುವುದಿಲ್ಲ ಅನ್ನುವುದು ತಿಳಿಯಬೇಕಾದರೆ ಆ ಮಿಂಚುವ ರೇಷ್ಮೆಯ ಕೆಳಗೆ ಏನಿದೆ ಎಂದು ನೋಡಬೇಕು. ಅದು ಗೊತ್ತಾದರೆ ಚರ್ ಎನ್ನುವ ಸದ್ದು, ಮೈಸೂರಿನ ಪ್ರಯಾಣ ಎಲ್ಲಕ್ಕೂ ಅಲ್ಲೇ ಉತ್ತರ ಇದೆ.

ರೇಷ್ಮೆ ಟಾಪ್ ಹ್ಯಾಟಿನ ಮೈ ರೇಷ್ಮೆಯದ್ದಲ್ಲ. ತೆಳುವಾದ ಹತ್ತಿ ಬಟ್ಟೆಯನ್ನು ಚೌಕಟ್ಟಿಗೆ ಎಳೆದು ಕಟ್ಟಿ, ಅದಕ್ಕೆ ಶೆಲ್ಯಾಕ್ ಅಂದರೆ ಅರಗನ್ನು ಕರಗಿಸಿ ಬಳಿದು, ತಿಂಗಳುಗಟ್ಟಲೆ ಒಣಗಲು ಬಿಡುತ್ತಿದ್ದರು. ಹೀಗೆ ಗಟ್ಟಿಯಾದ ಬಟ್ಟೆಗೆ ಕಸುಬಿನವರು ಗಾಸಮರ್ ಎನ್ನುತ್ತಾರೆ. ಅದನ್ನು ಮರದ ಅಚ್ಚಿನ ಸುತ್ತ ಪದರ ಪದರವಾಗಿ ಸುತ್ತಿ ಬಿಸಿ ಇಸ್ತ್ರಿ ಒತ್ತಿದರೆ ಅರಗು ಕರಗಿ ಪದರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆರಿದ ಮೇಲೆ ತೆಳ್ಳಗಿನ, ಹಗುರವಾದ, ಗಟ್ಟಿಯಾದ ಚಿಪ್ಪು ನಿಲ್ಲುತ್ತದೆ. ಟೋಪಿಯ ನಡು ಸಣ್ಣ, ತುದಿ ಅಗಲ ಇರುತ್ತದೆ ಅಲ್ವಾ? ಹಾಗಾಗಿ ಅಚ್ಚು ಒಂದೇ ತುಂಡಾಗಿದ್ದರೆ ಹೊರಗೆ ಬರುವುದೇ ಇಲ್ಲ. ಅದಕ್ಕೇ ಅಚ್ಚನ್ನು ಐದು ತುಂಡಿನಲ್ಲಿ ಮಾಡುತ್ತಿದ್ದರು. ನಡುವಿನ ತುಂಡನ್ನು ಮೊದಲು ಎಳೆದು, ಆಮೇಲೆ ಉಳಿದವನ್ನು ಒಂದೊಂದಾಗಿ ತೆಗೆಯುತ್ತಿದ್ದರು. ಈ ಚಿಪ್ಪಿನ ಮೇಲೆ ಕೊನೆಗೆ ರೇಷ್ಮೆ ಪ್ಲಷ್, ಅಂದರೆ ಉದ್ದ ಜುಂಗಿನ ಮಖಮಲ್ಲಿನಂಥ ಬಟ್ಟೆ. ಅದನ್ನೂ ಇಸ್ತ್ರಿಯ ಶಾಖದಿಂದ ಅದೇ ಅರಗಿಗೆ ಅಂಟಿಸುತ್ತಾರೆ. ಪಕ್ಕದಲ್ಲಿ ಓರೆಯಾಗಿ ಬರುವ ಹೊಲಿಗೆಯನ್ನು ಕೂದಲಿನಂಥ ಎಳೆಗಳಲ್ಲಿ ಮುಚ್ಚಿಬಿಡುವುದು ಈ ಕಸುಬಿನ ಅತಿ ನಾಜೂಕಾದ ಕೆಲಸ. ಚೆನ್ನಾಗಿ ಮಾಡಿದ್ದರೆ ಕಣ್ಣಿಗೆ ಬೀಳುವುದೇ ಇಲ್ಲ, ಬೆರಳಿಗೆ ಮಾತ್ರ ಸಿಗುತ್ತದೆ.

ಆ ಅರಗು ನಮ್ಮ ಕಡೆಯದು. ಮುತ್ತುಗ, ಕುಸುಮದಂಥ ಮರಗಳ ಕೊಂಬೆಯ ಮೇಲೆ ಅರಗಿನ ಹುಳು ಕಟ್ಟುವ ಗೂಡಿನಿಂದ ಬರುವ ಅಂಟು. ಈಗಿನ ಜಾರ್ಖಂಡ್, ಛತ್ತೀಸ್‌ಗಢದ ಕಾಡುಗಳಲ್ಲಿ ಕೂಡಿಸಿ ಕಲ್ಕತ್ತಾ ಬಂದರಿನಿಂದ ಯುರೋಪಿಗೆ ಹಡಗಿನಲ್ಲಿ ಕಳಿಸುತ್ತಿದ್ದರು. ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ ಹಚ್ಚುವ ಅರಗು ಇದೇ ಜಾತಿ. ತಿರುಗುವ ಮರಕ್ಕೆ ಅರಗಿನ ಕಡ್ಡಿ ತಾಗಿಸಿದರೆ ಉಜ್ಜಿದ ಬಿಸಿಗೇ ಕರಗಿ ಅಂಟುತ್ತದೆ, ತಣ್ಣಗಾದರೆ ಗಾಜಿನಂತೆ ಹೊಳೆಯುತ್ತದೆ. ನೀವು ಮಂಡ್ಯದವರು, ಬೆಂಗಳೂರು ದಾರಿಯಲ್ಲಿ ಅದನ್ನು ನೋಡಿಯೇ ಇರುತ್ತೀರಿ. ಲಂಡನ್ನಿನ ಶ್ರೀಮಂತರ ತಲೆಯ ಮೇಲಿನ ಟೋಪಿಯನ್ನು ನೆಟ್ಟಗೆ ನಿಲ್ಲಿಸಿದ್ದು ಹೆಸರು ಉಳಿಯದ ಸಾವಿರಾರು ಆದಿವಾಸಿ ಕೈಗಳು ಕಿತ್ತ ಅರಗು. ಈ ಟೋಪಿಗಳ ಮಾತು ಬಂದಾಗ ಇದನ್ನು ನಾನು ತಪ್ಪದೆ ಹೇಳುತ್ತೇನೆ.

ಈಗ ಅಳತೆಗೆ ಬರೋಣ. ಉಣ್ಣೆಯ ಅಥವಾ ಮೊಲದ ರೋಮದ ಫೆಲ್ಟ್ ಟೋಪಿಯಾದರೆ ಎಳೆಗಳು ಹೆಣೆದುಕೊಂಡಿರುತ್ತವೆ, ಆವಿ ಕೊಟ್ಟು ಎಳೆದರೆ ಸ್ವಲ್ಪ ಸಡಿಲುತ್ತದೆ. ಗಾಸಮರ್ ಹಾಗಲ್ಲ. ನೇಯ್ದ ಬಟ್ಟೆ, ಅದರ ಕಣ್ಣು ಕಣ್ಣಿಗೂ ಅರಗು ತುಂಬಿದೆ. ಶಾಖ ಕೊಟ್ಟರೆ ಆಕಾರ ಬದಲಾಗುತ್ತದೆ, ಸುತ್ತಳತೆ ಬದಲಾಗುವುದಿಲ್ಲ. ದುಂಡಗಿನ ಟೋಪಿಯನ್ನು ಉದ್ದನೆ ತಲೆಗೆ, ಉದ್ದದ್ದನ್ನು ದುಂಡಗಿನ ತಲೆಗೆ ಹೊಂದಿಸಬಹುದು. ಒಳಗಿನ ದಪ್ಪ ಚರ್ಮದ ಪಟ್ಟಿ ತೆಗೆದು ತೆಳು ಪಟ್ಟಿ ಹಾಕಿದರೆ ಅರ್ಧ ಸೆಂಟಿಮೀಟರಿನಷ್ಟು ಜಾಗ ಸಿಗಬಹುದು. ಅಷ್ಟೇ. ಅದಕ್ಕಿಂತ ಜಾಸ್ತಿ ಎಂದರೆ ಚಿಪ್ಪು ಸೀಳುತ್ತದೆ, ಅಥವಾ ಪ್ಲಷ್ ಅಂಟು ಬಿಟ್ಟು ಗುಳ್ಳೆ ಏಳುತ್ತದೆ. ದೊಡ್ಡದನ್ನು ಸಣ್ಣದು ಮಾಡುವುದು ಸುಲಭ. ಚರ್ಮದ ಪಟ್ಟಿಯ ಹಿಂದೆ ಕಾರ್ಕ್ ಅಥವಾ ಫೋಮಿನ ಪಟ್ಟಿ ಇಟ್ಟರೆ ಮುಗಿಯಿತು. ಹಾಗಾಗಿ ಸ್ವಲ್ಪ ದೊಡ್ಡದು ಸಿಕ್ಕರೆ ಧೈರ್ಯವಾಗಿ ಕೊಳ್ಳಿ. ಚಿಕ್ಕದು ಎಷ್ಟೇ ಚೆಂದವಿದ್ದರೂ ಬಿಡಿ.

ನೀವು ಉದ್ದ, ಅಗಲ ಎರಡನ್ನೂ ಅಳೆದದ್ದು ಬಹಳ ಒಳ್ಳೆಯ ಕೆಲಸ. ಎರಡನ್ನೂ ಕೂಡಿಸಿ, ಅರ್ಧ ಮಾಡಿ, 3.14ರಿಂದ ಗುಣಿಸಿದರೆ ಸುತ್ತಳತೆ ಹತ್ತಿರಹತ್ತಿರ ಬರುತ್ತದೆ. ನಿಮ್ಮದು 57 ಬಂತು. ನಿಮಗೆ ಬೇಕಾದ 59ಕ್ಕೆ ಎರಡೂ ಕೂಡಿ 37.6 ಆಗಬೇಕು. ಒಳಗೆ ಬರೆದಿರುವ ನಂಬರನ್ನು ಪೂರಾ ನಂಬಬೇಡಿ. ಬ್ರಿಟಿಷ್ ಲೆಕ್ಕದಲ್ಲಿ 7 ಅಂದರೆ 57 ಸೆಂ.ಮೀ., ಅಮೆರಿಕದ ಲೆಕ್ಕದಲ್ಲಿ 7 ಅಂದರೆ 56. ಸಾಲದ್ದಕ್ಕೆ ಹಳೆಯ ಚರ್ಮ ಒಣಗಿ ಕುಗ್ಗಿರುತ್ತದೆ. ಇನ್ನೊಂದು ಮಾತು, ಸುತ್ತಳತೆ ಸರಿ ಇದ್ದರೂ ಆಕಾರ ಸೇರದಿದ್ದರೆ ಹಣೆಯ ಮಧ್ಯ ನೋಯುತ್ತದೆ, ಕಿವಿಯ ಮೇಲೆ ಗಾಳಿ ಆಡುತ್ತದೆ. ಇದಕ್ಕೇ ಪ್ಯಾರಿಸ್ಸಿನಲ್ಲಿ 1840ರ ದಶಕದಲ್ಲಿ ಕನ್‌ಫರ್ಮೇಟರ್ ಎಂಬ ಸಾಧನ ಬಂತು. ತಲೆಗೆ ಕಿರೀಟದಂತೆ ಇಟ್ಟರೆ ತಲೆಯ ಉಬ್ಬು ತಗ್ಗನ್ನೆಲ್ಲ ಸಣ್ಣ ಕಾಗದದ ಮೇಲೆ ಚುಕ್ಕಿಯಾಗಿ ಒತ್ತಿ ಕೊಡುತ್ತದೆ. ಲಂಡನ್ನಿನ ಸೇಂಟ್ ಜೇಮ್ಸ್ ಸ್ಟ್ರೀಟಿನಲ್ಲಿರುವ, 1676ರಲ್ಲಿ ಶುರುವಾದ ಲಾಕ್ ಅಂಗಡಿಯಲ್ಲಿ ಅದನ್ನು ಇಂದಿಗೂ ಬಳಸುತ್ತಾರೆ.

ಇನ್ನು ಪಾದರಸ. ನಿಮ್ಮ ಹೆಂಡತಿಯ ಹೆದರಿಕೆ ಬುಡವಿಲ್ಲದ್ದೇನೂ ಅಲ್ಲ. ಬೀವರ್, ಮೊಲದಂಥ ಪ್ರಾಣಿಗಳ ರೋಮ ಒಂದಕ್ಕೊಂದು ಗಟ್ಟಿಯಾಗಿ ಹೆಣೆದುಕೊಂಡು ಫೆಲ್ಟ್ ಆಗಲಿ ಎಂದು ಅದಕ್ಕೆ ಪಾದರಸದ ನೈಟ್ರೇಟ್ ಬಳಿಯುತ್ತಿದ್ದರು. ಆಮೇಲೆ ಅದೇ ಫೆಲ್ಟನ್ನು ಬಿಸಿನೀರು, ಆವಿಯಲ್ಲಿ ಉಜ್ಜುವಾಗ ಕೆಲಸಗಾರರು ಆ ವಿಷವನ್ನು ವರ್ಷಗಟ್ಟಲೆ ಉಸಿರಾಡಿದರು. ಕೈ ನಡುಗುವುದು, ಹಲ್ಲು ಉದುರುವುದು, ಮಾತು ತೊದಲುವುದು, ಜನರನ್ನು ಕಂಡರೆ ಮುದುಡಿಕೊಳ್ಳುವುದು, ಇವೆಲ್ಲ ಆ ಕಸುಬಿನವರ ಕಾಯಿಲೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿ ಊರಿನ ಹೆಸರೇ ಆ ನಡುಕಕ್ಕೆ ಅಂಟಿಕೊಂಡಿತು. ಅಲ್ಲಿ ಹ್ಯಾಟ್ ಫೆಲ್ಟಿಗೆ ಪಾದರಸ ಬಳಸುವುದು ನಿಂತದ್ದು 1941ರ ಡಿಸೆಂಬರಿನಲ್ಲಿ.

ಆದರೆ ಗಮನಿಸಿ, ಇದೆಲ್ಲ ಫೆಲ್ಟಿನ ಕಥೆ. ರೇಷ್ಮೆ ಪ್ಲಷ್ ಮಗ್ಗದಲ್ಲಿ ನೇಯ್ದ ಬಟ್ಟೆ, ಗಾಸಮರ್ ಅರಗು ಹಾಕಿದ ಹತ್ತಿ. ರೋಮವೇ ಇಲ್ಲದ ಮೇಲೆ ಪಾದರಸದ ಕೆಲಸ ಅಲ್ಲಿಲ್ಲ. ಹಳೆಯ ಟಾಪ್ ಹ್ಯಾಟ್ ಎಂದ ಕೂಡಲೇ ಪಾದರಸ ಎನ್ನುವುದು ತಪ್ಪು. ಎಚ್ಚರ ಬೇಕಾದ ಜಾಗ ಬೇರೆ ಇದೆ. ರೇಷ್ಮೆ ಹ್ಯಾಟ್ ಹೊಸದಾಗಿ ಬಂದ 19ನೇ ಶತಮಾನದ ಮೊದಲ ಭಾಗದಲ್ಲಿ ಕೆಲವಕ್ಕೆ ಒಳಗಡೆ ಫೆಲ್ಟಿನ ಮೈ ಇತ್ತು. ಇನ್ನು ಬೂದು ಬಣ್ಣದ ಹಳೆಯ ಟಾಪ್ ಹ್ಯಾಟುಗಳಿವೆಯಲ್ಲ, ಮದುವೆಗೂ ರೇಸಿಗೂ ಹಾಕುವಂಥವು, ಅವು ಫೆಲ್ಟಿನವು. ಎರಡನೇ ಮಹಾಯುದ್ಧಕ್ಕಿಂತ ಹಿಂದಿನ ಬೂದು ಹ್ಯಾಟನ್ನು ನಾನು ಪಾದರಸ ಇದೆ ಎಂದುಕೊಂಡೇ ಮುಟ್ಟುತ್ತೇನೆ. ಕೈಗವಸು ಹಾಕುತ್ತೇನೆ, ಆವಿ ಕೊಡುವುದಿಲ್ಲ, ದೂಳು ಕೊಡವುವುದಿಲ್ಲ. ಜನ ಕಪ್ಪು ರೇಷ್ಮೆಗೆ ಹೆದರಿ ‘ಬೂದು ಪರವಾಗಿಲ್ಲ’ ಎಂದು ಅದನ್ನು ತರುತ್ತಾರೆ. ಅದು ತಿರುಗುಮುರುಗು. ಗುರುತಿಸುವುದು ಕಷ್ಟವಲ್ಲ. ಗಾಸಮರ್ ಮೈಯನ್ನು ಉಗುರಿನಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ರಟ್ಟಿನಂಥ ಟಕ್ ಸದ್ದು ಬರುತ್ತದೆ. ಫೆಲ್ಟ್ ದಪ್ಪ, ಮಂದ, ಸದ್ದನ್ನು ನುಂಗುತ್ತದೆ.

ಮಗುವಿನ ವಿಷಯ ಮಾತ್ರ ಬೇರೆ. ಫೆಲ್ಟ್ ಇರಲಿ, ರೇಷ್ಮೆ ಇರಲಿ, ನೂರು ವರ್ಷದ ವಸ್ತುವಿನಲ್ಲಿ ಯಾರದ್ದೋ ಬೆವರು, ದೂಳು, ಯಾವ ಕಾಲದಲ್ಲೋ ಹಾಕಿದ ಕೀಟನಾಶಕ ಏನು ಬೇಕಾದರೂ ಇರಬಹುದು. ಮೂರು ವರ್ಷದ ಮಗು ಬಾಯಿಗೆ ಹಾಕಿಕೊಳ್ಳುವ ವಯಸ್ಸು. ಎತ್ತರದಲ್ಲಿಡಿ, ಆಟಕ್ಕೆ ಕೊಡಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಅದಕ್ಕಿಂತ ಜಾಸ್ತಿ ಭಯ ಬೇಕಿಲ್ಲ.

‘ವಿಕ್ಟೋರಿಯಾ ಕಾಲದ ಬೀವರ್’ ಎಂಬುದಕ್ಕೂ ಬರುತ್ತೇನೆ, ಯಾಕೆಂದರೆ ಕೂಡಿಡುವ ಮನಸ್ಸಿದೆ ಎಂದಿದ್ದೀರಿ. ಹೀಗೆ ಹೆಸರಿಟ್ಟು ಮಾರುವವುಗಳಲ್ಲಿ ಬಹುಪಾಲು ಬೀವರೂ ಅಲ್ಲ, ವಿಕ್ಟೋರಿಯಾ ಕಾಲದವೂ ಅಲ್ಲ. ಕೆಲವರು ಮೋಲ್‌ಸ್ಕಿನ್ ಎಂದೂ ಬರೆಯುತ್ತಾರೆ, ಅದೂ ಪ್ಲಷ್ಷೇ. ನಿಜವಾದ ಬೀವರ್ ಹ್ಯಾಟಿನಲ್ಲಿ ಫೆಲ್ಟಿನ ಮೇಲೆ ರೋಮ ಎದ್ದಿರುತ್ತದೆ, ಹೊಳಪು ಮೃದು, ಪಕ್ಕದಲ್ಲಿ ಹೊಲಿಗೆ ಇರುವುದಿಲ್ಲ. 19ನೇ ಶತಮಾನದ ನಡುವಿಗೆಲ್ಲ ರೇಷ್ಮೆ ಅದನ್ನು ಮೂಲೆಗೆ ತಳ್ಳಿತ್ತು. ನೀವು ನೋಡಿದ್ದು ಕನ್ನಡಿಯಂತೆ ಮಿಂಚುತ್ತಿತ್ತು ಎಂದರೆ ರೇಷ್ಮೆ. ಎತ್ತರವೂ ಮಾತಾಡುತ್ತದೆ. 1850ರ ದಶಕದ ಹ್ಯಾಟುಗಳು ಹೊಗೆಕೊಳವೆಯಂತೆ ನೆಟ್ಟಗೆ, 17–18 ಸೆಂ.ಮೀ. ತನಕವೂ ಇರುತ್ತಿದ್ದವು. 13 ಸೆಂ.ಮೀ. ಎಂದರೆ ಹೆಚ್ಚಾಗಿ 20ನೇ ಶತಮಾನದ್ದು.

ಒಳಗಿನ ಬಿಳಿ ರೇಷ್ಮೆಯ ಮೇಲೆ ಅಂಗಡಿಯ ಮುದ್ರೆ ಇದ್ದರೆ ಅದನ್ನು ಓದಿ. ‘ಮಹಾರಾಣಿಯವರಿಗೆ’ ಎಂದಿದ್ದರೆ 1901ರ ಒಳಗಿನದು ಅಥವಾ 1952ರ ಈಚಿನದು. ‘ಮಹಾರಾಜರಿಗೆ’ ಎಂದಿದ್ದರೆ ನಡುವಿನದು ಎಂದು ಹಿಡಿಯಬಹುದು. ಅಂಗಡಿಯ ವಿಳಾಸ ಇನ್ನೂ ಒಳ್ಳೆಯ ಸುಳಿವು, ಅಂಗಡಿಗಳು ಬೀದಿ ಬದಲಿಸಿದ ವರ್ಷ ಹಳೆಯ ಡೈರೆಕ್ಟರಿಗಳಲ್ಲಿ ಸಿಗುತ್ತದೆ. ಮುದ್ರೆಯಲ್ಲಿರುವ ಹೆಸರಿನವರೇ ಮಾಡಿದ್ದು ಎಂದೂ ತಿಳಿಯಬೇಡಿ. ಕಾರ್ಖಾನೆಯಿಂದ ತರಿಸಿ ತಮ್ಮ ಮುದ್ರೆ ಒತ್ತಿದ ಅಂಗಡಿಗಳು ಎಷ್ಟೋ. ಚರ್ಮದ ಪಟ್ಟಿಯ ಮೇಲೆ ಬಂಗಾರದ ಬಣ್ಣದಲ್ಲಿ ಹಳೆಯ ಒಡೆಯನ ಹೆಸರಿನ ಅಕ್ಷರಗಳಿದ್ದರೆ ದಯವಿಟ್ಟು ಕೆರೆದು ತೆಗೆಯಬೇಡಿ. ಸುತ್ತ ಅಗಲವಾದ ಕಪ್ಪು ಬಟ್ಟೆಯ ಪಟ್ಟಿ ಇದ್ದರೆ ಅದು ಶೋಕದ ಗುರುತು, ಅದನ್ನೂ ಉಳಿಸಿ. ಅಬ್ರಹಾಂ ಲಿಂಕನ್ ಕೊನೆಯ ರಾತ್ರಿ ಹಾಕಿದ್ದ ರೇಷ್ಮೆ ಹ್ಯಾಟ್ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್‌ನಲ್ಲಿದೆ. ಸತ್ತುಹೋದ ಮಗ ವಿಲ್ಲಿಯ ನೆನಪಿಗೆ ಅವರು ಕಟ್ಟಿಸಿದ ಕಪ್ಪು ಪಟ್ಟಿ ಅದರ ಮೇಲೆ ಇನ್ನೂ ಇದೆ. ಆ ಪಟ್ಟಿ ಇಲ್ಲದಿದ್ದರೆ ಆ ಹ್ಯಾಟ್ ಇಷ್ಟು ಮಾತಾಡುತ್ತಿರಲಿಲ್ಲ.

ಮಾರುವವರು ಹೇಳುವ ಇನ್ನೊಂದು ಕಥೆ ಇದೆ. 1797ರ ಜನವರಿಯಲ್ಲಿ ಜಾನ್ ಹೆದರಿಂಗ್ಟನ್ ಎಂಬುವನು ಲಂಡನ್ನಿನಲ್ಲಿ ಮೊದಲ ಸಲ ಈ ಹ್ಯಾಟ್ ಹಾಕಿ ಬಂದ, ಹೆಂಗಸರು ಮೂರ್ಛೆ ಹೋದರು, ಪೊಲೀಸರು ಹಿಡಿದರು ಎಂದು. ಆ ಕಾಲದ ದಾಖಲೆ ಯಾವುದೂ ಇದಕ್ಕಿಲ್ಲ. ನೂರು ವರ್ಷ ಕಳೆದ ಮೇಲೆ ಹುಟ್ಟಿದ ಕಥೆ. ಕೇಳಿ ಖುಷಿಪಡಿ, ಅದಕ್ಕೆ ದುಡ್ಡು ಕೊಡಬೇಡಿ.

ಅಳತೆಯ ಜೊತೆಗೆ, ಒತ್ತಿದಾಗ ಬಂದ ಚರ್ ಸದ್ದೂ ನನಗೆ ಚಿಂತೆ ತಂದಿತು. ಒಣ ಹಪ್ಪಳ ಬಿರಿದ ಹಾಗೆ ಕೇಳಿದ್ದರೆ ಚಿಪ್ಪು ಒಳಗೆ ಬಿರುಕು ಬಿಟ್ಟಿದೆ ಎಂದೇ ಅರ್ಥ. ವರ್ಷ ಕಳೆದಂತೆ ಅರಗು ಬಿರುಸಾಗುತ್ತದೆ. ಬೆಂಕಿಗೂಡು, ಹೀಟರಿನ ಹತ್ತಿರ ದಶಕಗಟ್ಟಲೆ ಇದ್ದರೆ ಇನ್ನೂ ಬೇಗ. ಸಾಮಾನ್ಯವಾಗಿ ಜನ ಹೆಬ್ಬೆರಳು ಮತ್ತು ಬೆರಳಿನಿಂದ ಹಿಡಿದು ಎತ್ತುವ ಜಾಗದಲ್ಲೇ, ಮುಂದುಗಡೆ ಮೇಲಂಚಿನ ಹತ್ತಿರ, ಒಡೆದಿರುತ್ತದೆ. ಇನ್ನು ಮುಂದೆ ಹ್ಯಾಟ್ ನೋಡಲು ಹೋದಾಗ ಒತ್ತಿ ನೋಡಬೇಡಿ, ಒತ್ತುವುದೇ ಬಿರುಕನ್ನು ಬೆಳೆಸುತ್ತದೆ. ಒಳಗಡೆ ಟಾರ್ಚ್ ಹಿಡಿದು ಹೊರಗಿನಿಂದ ನೋಡಿ. ಬೆಳಕು ಸೂಜಿಮೊನೆಯಷ್ಟು ಕಂಡರೂ ಅಲ್ಲಿ ತೂತು ಅಥವಾ ಸೀಳು ಇದೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಹೊಳಪಿನಲ್ಲಿ ಮುರಿದ ಗೆರೆ ಕಾಣುತ್ತದೆ.

ಬಿರುಕನ್ನು ಸರಿಮಾಡಬಹುದು. ಒಳಗಿನಿಂದ ಹೊಸ ಗಾಸಮರ್ ತೇಪೆ ಹಾಕಿ, ಅರಗು ಬಳಿದು, ಹದವಾದ ಇಸ್ತ್ರಿ ಕೊಟ್ಟು ಕೂರಿಸುತ್ತೇವೆ. ಆದರೆ ಅದಕ್ಕೆ ಒಳಪದರ ಮತ್ತು ಚರ್ಮ ಬಿಚ್ಚಬೇಕು. ಹಳೆಯ ಚರ್ಮ ಎಷ್ಟೋ ಸಲ ಪುಡಿಯಾಗುತ್ತದೆ, ಒಳಗಿನ ರೇಷ್ಮೆ ಚಿಂದಿಯಾಗುತ್ತದೆ. ಖರ್ಚು ಹ್ಯಾಟಿನ ಬೆಲೆಯನ್ನೇ ಮುಟ್ಟುವುದು ಸಾಮಾನ್ಯ. ಜುಂಗು ಹೋಗಿ ಬಟ್ಟೆ ಕಾಣುವ ಅಂಚನ್ನು ಮಾತ್ರ ಯಾರೂ ಮೊದಲಿನಂತೆ ಮಾಡಲಾರರು. ಬಣ್ಣ ತಾಗಿಸಿ ಮರೆಮಾಡಬಹುದು, ಅಷ್ಟೇ. ಯಾಕೆಂದರೆ ಫ್ರಾನ್ಸಿನ ಲಿಯಾನ್ ಸುತ್ತ ನೇಯುತ್ತಿದ್ದ ಆ ಪ್ಲಷ್ ಈಗ ತಯಾರಾಗುವುದಿಲ್ಲ. ಮಗ್ಗಗಳೂ ಹೋದವು, ಕೈಗಳೂ ಹೋದವು. ಇಂದು ಅಂಗಡಿಯಲ್ಲಿ ಸಿಗುವ ಪ್ರತಿ ರೇಷ್ಮೆ ಹ್ಯಾಟೂ ಹಳೆಯದ್ದೇ, ನವೀಕರಿಸಿದ್ದೇ. ಒಂದು ಹ್ಯಾಟನ್ನು ತೇಪೆ ಹಾಕಲು ಇನ್ನೊಂದು ಕೆಟ್ಟ ಹ್ಯಾಟನ್ನು ಬಿಚ್ಚಬೇಕು. ಇರುವುದು ಕಡಿಮೆಯಾಗುತ್ತಲೇ ಹೋಗುತ್ತದೆ. ಅದಕ್ಕೇ ಸೇರದ ಹ್ಯಾಟನ್ನು ಎಳೆದು ಸೀಳುವುದು ನನಗೆ ಸಹಿಸಲಾಗದ ವಿಷಯ.

ಬೆಲೆ ಯಾಕೆ ಹಾಗಿದೆ ಎಂಬುದೂ ಇದರಿಂದ ತಿಳಿಯುತ್ತದೆ. ಉಳಿದಿರುವವುಗಳಲ್ಲಿ ಚಿಕ್ಕ ಅಳತೆಯವೇ ಜಾಸ್ತಿ. 56, 57ರವು ನೂರಿನ್ನೂರು ಪೌಂಡಿಗೆ ಬೇಕಾದಷ್ಟು ಸಿಗುತ್ತವೆ. 59 ದಾಟಿದ ಒಳ್ಳೆಯ ಹ್ಯಾಟ್, ನವೀಕರಿಸಿದ್ದು, ಸಾವಿರ ಪೌಂಡ್ ದಾಟುತ್ತದೆ, ಇನ್ನೂ ದೊಡ್ಡದಾದರೆ ಇನ್ನೂ ಮೇಲೆ. ನಿಮಗೆ ಕಂಡ 220 ಅಗ್ಗವಲ್ಲ. ಬಿರುಕು ಬಿಟ್ಟ 57ಕ್ಕೆ ಅದು ಜಾಸ್ತಿಯೇ.

ಹಾಗಾದರೆ ಜೂನಿಗೆ ಏನು ಮಾಡಬೇಕು? ನನ್ನ ಸಲಹೆ ಸರಳ. ಹೊಸ ಫರ್ ಫೆಲ್ಟ್ ಟಾಪ್ ಹ್ಯಾಟ್ ಕೊಳ್ಳಿ. ಕೆಲವು ನೂರು ಪೌಂಡ್ ಆಗುತ್ತದೆ. ಅದು ಮೊಲದ ರೋಮದ್ದು, ಈಗ ಪಾದರಸ ಇಲ್ಲದೆ ಮಾಡುತ್ತಾರೆ. ಹೊಳಪು ರೇಷ್ಮೆಯಷ್ಟಿಲ್ಲ ನಿಜ, ಆದರೆ ತಲೆಗೆ ಸರಿಯಾಗಿ ಕೂರುತ್ತದೆ. ಮಳೆ ಬಂದರೆ ನಿಮ್ಮ ಎದೆ ಒಡೆಯುವುದಿಲ್ಲ. ಆಸ್ಕಟ್‌ನಲ್ಲಿ ಯಾರೂ ಕೀಳಾಗಿ ಕಾಣುವುದಿಲ್ಲ, ಬಹಳ ಜನ ಹಾಕುವುದು ಅದನ್ನೇ. ಉಣ್ಣೆ ಫೆಲ್ಟಿನದು ಇನ್ನೂ ಅಗ್ಗ, ಆದರೆ ಮಂಕು. ರೇಷ್ಮೆಯೇ ಬೇಕು ಎಂದಿದ್ದರೆ ಹರಾಜಿಗೆ ಹೋಗದೆ ನವೀಕರಿಸಿ ಮಾರುವ ಒಳ್ಳೆಯ ಹ್ಯಾಟ್ ಅಂಗಡಿಗೆ ಖುದ್ದಾಗಿ ಹೋಗಿ. ದುಬಾರಿ ನಿಜ. ಆದರೆ ಅವರು ನಿಮ್ಮ ತಲೆಯ ಆಕಾರಕ್ಕೆ ಬಿಸಿ ಮಾಡಿ ಕೂರಿಸಿ ಕೊಡುತ್ತಾರೆ, ಆಮೇಲೆ ಹೊಳಪು ಕೊಡಲೂ ಅಲ್ಲಿಗೇ ಒಯ್ಯಬಹುದು. ಜೂನ್ ಹತ್ತಿರ ಬಂದಂತೆ ದೊಡ್ಡ ಅಳತೆಯವು ಖಾಲಿಯಾಗುತ್ತವೆ, ಚಳಿಗಾಲದಲ್ಲೇ ಹೋಗಿ ನೋಡುವುದು ಜಾಣತನ. ಒಂದು ಎಚ್ಚರ: ಮಡಚುವ ಒಪೆರಾ ಹ್ಯಾಟ್ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಒಳಗೆ ಸ್ಪ್ರಿಂಗ್ ಇರುವ, ಮಂಕು ರೇಷ್ಮೆ ಹೊದಿಸಿದ ಅದು ರಾತ್ರಿಯ ಉಡುಪಿನ ಜೊತೆಗೆ, ನಾಟಕಶಾಲೆಯ ಕುರ್ಚಿಯ ಕೆಳಗೆ ಇಡಲೆಂದು ಮಾಡಿದ್ದು. ಹಗಲಿನ ಮಾರ್ನಿಂಗ್ ಕೋಟಿಗೆ ಸೇರುವುದಿಲ್ಲ. ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ನಲ್ಲಿ 1998ರ ತನಕ ಅಂಥದ್ದೊಂದನ್ನು ಇಟ್ಟಿದ್ದರು. ಮತದಾನದ ನಡುವೆ ಸದಸ್ಯರು ಕ್ರಮಲೋಪ ಎತ್ತಬೇಕಾದರೆ ಅದನ್ನು ತಲೆಗೆ ಹಾಕಿಕೊಂಡು ಕೂತೇ ಮಾತಾಡಬೇಕಿತ್ತು.

ಆಸ್ಕಟ್‌ನ ನಿಯಮ ಗೊತ್ತಿರಲಿ. ರಾಯಲ್ ಎನ್‌ಕ್ಲೋಷರ್‌ನಲ್ಲಿ ಹ್ಯಾಟ್ ಕಪ್ಪು ಅಥವಾ ಬೂದು ಇರಬೇಕು. ಬಣ್ಣದ ರಿಬ್ಬನ್ ಕಟ್ಟಿ ಅಲಂಕಾರ ಮಾಡುವಂತಿಲ್ಲ. ಊಟದ ಜಾಗ, ಖಾಸಗಿ ಬಾಕ್ಸಿನಂಥ ಕಡೆ ತೆಗೆಯಬಹುದು. 2022ರ ಜೂನಿನಲ್ಲಿ ವಿಪರೀತ ಸೆಕೆ ಬಂದಾಗ ಅವರೇ ನಿಯಮ ಸಡಿಲಿಸಿದ್ದೂ ಉಂಟು. ಹ್ಯಾಟ್ ಹುಬ್ಬಿನ ಮೇಲೆ ಎರಡು ಬೆರಳು ಅಗಲ ಬಿಟ್ಟು ಮಟ್ಟಸವಾಗಿ ಕೂರಬೇಕು. ಹಿಂದಕ್ಕೆ ವಾಲಿಸಿದರೆ ತಲೆ ಚಿಕ್ಕದಾಗಿ ಕಾಣುತ್ತದೆ, ಗಾಳಿಗೂ ಹಾರುತ್ತದೆ. ತೆಗೆಯುವಾಗ ಎರಡೂ ಕೈಯಿಂದ ಕೆಳಗಿನ ಅಂಚಿನ ಪಕ್ಕಗಳನ್ನು ಹಿಡಿಯಿರಿ. ಮೇಲಿನ ಮೈಯನ್ನು ಚಿವುಟಿ ಎತ್ತುವುದೇ ಈ ಹ್ಯಾಟುಗಳ ಮೊದಲ ಶತ್ರು.

ರೇಷ್ಮೆ ಹ್ಯಾಟಿಗೆ ಮಳೆ ಹನಿ ಬಿದ್ದರೆ ಗಾಬರಿಯಾಗಿ ಹೇರ್ ಡ್ರೈಯರ್ ಹಿಡಿಯಬೇಡಿ. ಮೃದುವಾದ ಒಣ ಬಟ್ಟೆಯಿಂದ ಜುಂಗು ಮಲಗಿದ ದಿಕ್ಕಿಗೆ ಒತ್ತಿ ನೀರು ತೆಗೆದು, ನೆರಳಿನಲ್ಲಿ ತಾನಾಗಿ ಒಣಗಲು ಬಿಡಿ. ಪೂರ್ತಿ ಒಣಗಿದ ಮೇಲೆ ಮೆದು ಬ್ರಷ್, ಕೊನೆಗೆ ಮಖಮಲ್ ತುಂಡು. ದಿಕ್ಕು ಯಾವುದೆಂದು ಬೆರಳೇ ಹೇಳುತ್ತದೆ, ಒಂದು ಕಡೆ ಜಾರುತ್ತದೆ, ಇನ್ನೊಂದು ಕಡೆ ತಡೆಯುತ್ತದೆ. ಶೂ ಪಾಲಿಷ್, ತಲೆಗೆ ಹಚ್ಚುವ ಬಣ್ಣ, ಕೊಬ್ಬರಿ ಎಣ್ಣೆ, ಇವೆಲ್ಲ ಹಚ್ಚಿದವರನ್ನು ನೋಡಿದ್ದೇನೆ. ಯಾವುದೂ ವಾಪಸ್ ಬರುವುದಿಲ್ಲ. ಸ್ಪಿರಿಟ್, ಸ್ಯಾನಿಟೈಸರ್ ಹತ್ತಿರವೂ ತರಬೇಡಿ, ಆಲ್ಕೋಹಾಲಿಗೆ ಅರಗು ಕರಗುತ್ತದೆ.

ಕೊನೆಗೆ ಮೈಸೂರು. ಅರಗು 65–70 ಡಿಗ್ರಿಗೆ ಮೆತ್ತಗಾಗಲು ಶುರುವಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಅಷ್ಟು ಬಿಸಿಯಾಗುವುದು ಕಷ್ಟವೇನಲ್ಲ. ವಿಮಾನ ನಿಲ್ದಾಣದಿಂದ ಬರುವ ದಾರಿಯಲ್ಲಿ ಊಟಕ್ಕೆಂದು ಕಾರು ನಿಲ್ಲಿಸಿದಿರಿ ಎಂದುಕೊಳ್ಳಿ, ವಾಪಸ್ ಬರುವಷ್ಟರಲ್ಲಿ ಅಂಚು ಜೋತುಬಿದ್ದಿರಬಹುದು. ಶ್ರಾವಣ ಎಂದರೆ ಮಳೆಯೂ ಇದೆ. ಗಾಳಿಯ ತೇವ ನೂರಕ್ಕೆ 65–70 ದಾಟಿ ಕೆಲವು ದಿನ ನಿಂತರೆ ರೇಷ್ಮೆ, ಚರ್ಮ ಎರಡಕ್ಕೂ ಬೂಸ್ಟು ಹಿಡಿಯುತ್ತದೆ. ಬೀರುವಿನಲ್ಲಿಟ್ಟರೆ ಬೆಳ್ಳಿಮೀನು ಹುಳು ಬರುತ್ತದೆ, ಅದಕ್ಕೆ ನುಸಿಗುಳಿಗೆ ಹಾಕುತ್ತಾರೆ, ಆ ಗುಳಿಗೆಯ ಆವಿಯೂ ಇಂಥ ವಸ್ತುಗಳಿಗೆ ಒಳ್ಳೆಯದಲ್ಲ. ನಾನಾದರೆ ಹಳೆಯ ರೇಷ್ಮೆ ಹ್ಯಾಟನ್ನು ಒಯ್ಯುವುದಿಲ್ಲ. ಹೊಸ ಫೆಲ್ಟಿನದಾದರೆ ಧಾರಾಳವಾಗಿ ಒಯ್ಯಿರಿ. ಲಗೇಜಿಗೆ ಹಾಕಬೇಡಿ, ಗಟ್ಟಿ ಡಬ್ಬಿಯಲ್ಲಿ ಕೈಯಲ್ಲೇ ಹಿಡಿದುಕೊಳ್ಳಿ. ಆದರೂ ತಮ್ಮನ ಮದುವೆಗೆ, ಅದೂ ಮೈಸೂರಿನಲ್ಲಿ, ತಲೆಗೆ ಮೈಸೂರು ಪೇಟ ಕಟ್ಟಿಸಿಕೊಂಡರೇ ಚೆಂದ ಎಂದು ನನ್ನ ಅನಿಸಿಕೆ.

ಕೂಡಿಡುವ ಆಸೆಗೆ ನಾನು ಅಡ್ಡ ಬರುವುದಿಲ್ಲ. ಹಾಕುವುದಕ್ಕೆ ಒಂದು, ಇಡುವುದಕ್ಕೆ ಒಂದು ಎಂದು ಬೇರೆ ಮಾಡಿಕೊಂಡರೆ ದುಡ್ಡೂ ಉಳಿಯುತ್ತದೆ, ಹ್ಯಾಟೂ ಉಳಿಯುತ್ತದೆ. ಇಡುವುದಕ್ಕಾದರೆ ಅಳತೆಯ ಹಂಗಿಲ್ಲ, 55ರ ಹ್ಯಾಟಿನಲ್ಲೂ ಅದ್ಭುತ ಕೆಲಸ ಇರುತ್ತದೆ. ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟ್‌ನಲ್ಲಿ ಹ್ಯಾಟ್ ವರ್ಕ್ಸ್ ಎಂಬ ವಸ್ತುಸಂಗ್ರಹಾಲಯ ಇದೆ, ಬರ್ಮಿಂಗ್‌ಹ್ಯಾಮ್‌ನಿಂದ ರೈಲಿನಲ್ಲಿ ಹೋಗಿ ಬರಬಹುದು. ಆ ಊರೇ ಹ್ಯಾಟ್ ಕಸುಬಿನಲ್ಲಿ ಬದುಕಿದ ಊರು. ಏನನ್ನಾದರೂ ಕೊಳ್ಳುವ ಮೊದಲು ಅಲ್ಲಿ ಒಂದು ದಿನ ಕಳೆಯಿರಿ, ಅಚ್ಚುಗಳನ್ನೂ ಯಂತ್ರಗಳನ್ನೂ ಹತ್ತಿರದಿಂದ ನೋಡಿ. ಮುಂದಿನ ಸಲ ಹರಾಜಿನಲ್ಲಿ ಒಂದು ಕಣ್ಣಿಗೆ ಬಿದ್ದರೆ ಮೇಲಂಚಿನ, ಪಕ್ಕದ ಹೊಲಿಗೆಯ, ಒಳಗಿನ ಮುದ್ರೆಯ ಫೋಟೋ, ಜೊತೆಗೆ ಸ್ಕೇಲ್ ಇಟ್ಟು ತೆಗೆದ ಉದ್ದ ಅಗಲದ ಫೋಟೋ ಕೇಳಿ ತರಿಸಿಕೊಳ್ಳಿ. ಕೊಡಲು ಹಿಂಜರಿದರೆ ಆ ಹ್ಯಾಟನ್ನು ಬಿಟ್ಟುಬಿಡಿ.